ಸೈಟಲ್ಲಿ ಬಂಡೆ, ಬಂಡೆ ಪಕ್ಕ ಬೇವಿನಮರ: ಒಡೆಸಿ ಕಡಿಸಬೇಕಾ, ಪ್ಲಾನನ್ನೇ ಬದಲಿಸಬೇಕಾ?

ಬಂಡೆಸೈಟ್ ಟೀಚರ್, ಚಿತ್ರದುರ್ಗ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಜೋಗಿಮಟ್ಟಿ ರಸ್ತೆ ಕಡೆ ನಮ್ಮದೊಂದು 40×60 ಸೈಟಿದೆ. ಪೂರ್ವಕ್ಕೆ ರಸ್ತೆ. ಹಿಂದುಗಡೆ ನೈಋತ್ಯ ಮೂಲೆಯಲ್ಲಿ ಒಂದು ಬಂಡೆ, ಮಲಗಿರೋ ಎಮ್ಮೆ ಥರ. ನನ್ನ ಎದೆಮಟ್ಟ ಎತ್ತರ, 14 ಅಡಿ ಉದ್ದ, ನೆಲದೊಳಗೆ ಎಷ್ಟಿದೆಯೋ ಅದಕ್ಕೇ ಗೊತ್ತು. ಅದರ ಪಡುವಣ ಮಗ್ಗುಲಿಗೆ ಒಂದು ಬೇವಿನಮರ. ಯಾರೂ ನೆಟ್ಟಿದ್ದಲ್ಲ, ಕಾಗೆಯೋ ಮೈನಾನೋ ಬೀಜ ಹಾಕಿ ಹೋಗಿರಬೇಕು. ಬುಡ ಇಬ್ಬರು ಮಕ್ಕಳು ಕೈ ಹಿಡಿದು ತಬ್ಬೋಷ್ಟಿದೆ.

ನಮ್ಮ ಎಂಜಿನಿಯರ್ ಬಂದರು, ಬೈಕಿಂದ ಇಳಿಯದೇನೇ ನೋಡಿದರು. "ಬ್ರೇಕರ್ ತರಿಸಿ ಬಂಡೆ ಒಡೆಸೋಣ, ಮರ ತೆಗೆಸೋಣ, ಲೆವೆಲ್ ಮಾಡಿದ್ರೆ ಚಿನ್ನದಂಥ ಸೈಟು" ಅಂದರು. ವಾರಕ್ಕೆ ಪ್ಲಾನ್ ಬಂತು. ನೋಡ್ತೀನಿ, ಉತ್ತರ ತೋರಿಸೋ ಬಾಣ ರಸ್ತೆ ಕಡೆಗಿದೆ! ನಮ್ಮ ರಸ್ತೆ ಇರೋದು ಪೂರ್ವಕ್ಕೆ. ಯಾವುದೋ ಉತ್ತರ ದಿಕ್ಕಿನ ಸೈಟಿಗೆ ಮಾಡಿದ್ದ ಪ್ಲಾನಿನಲ್ಲಿ ಹೆಸರು ಮಾತ್ರ ಬದಲಿಸಿದ್ದಾರೆ. ಕೇಳಿದರೆ, "ಬಾಣ ತಿರುಗಿಸಿದರಾಯ್ತು ಮೇಡಂ" ಅಂತಾರೆ.

ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಡೋಳು. ಬಾಣ ತಿರುಗಿಸಿದರೆ ಸೂರ್ಯ ತಿರುಗಲ್ಲ ಅನ್ನೋದು ನನಗೆ ಗೊತ್ತು. ಸೈಟ್ ತಗೊಂಡ ಮೇಲೆ ಒಂದು ವರ್ಷ, ದುಡ್ಡಿಲ್ಲದೆ ಸುಮ್ಮನಿದ್ದ ಒಂದು ವರ್ಷ, ಭಾನುವಾರ ಭಾನುವಾರ ಹೋಗಿ 4 ಅಡಿ ಕೋಲು ನಿಲ್ಲಿಸಿ ನೆರಳು ಅಳೆದು ನೋಟ್‌ಬುಕ್ಕಲ್ಲಿ ಬರೆದಿದ್ದೀನಿ. ನಮ್ಮೂರಲ್ಲಿ ನಡುಮಧ್ಯಾಹ್ನ 12 ಗಂಟೆಗೆ ಆಗಲ್ಲ, ಹೆಚ್ಚುಕಡಿಮೆ 12.20ರ ಮೇಲೆ ಆಗುತ್ತೆ. ಡಿಸೆಂಬರ್ ಕೊನೆಯಲ್ಲಿ ಆ ಹೊತ್ತಿಗೆ ಕೋಲಿನ ನೆರಳು 3 ಅಡಿ 1 ಇಂಚು, ಉತ್ತರಕ್ಕೆ. ಏಪ್ರಿಲ್ ಕೊನೇ ವಾರ ನೆರಳೇ ಇಲ್ಲ, ಕೋಲಿನ ಬುಡದಲ್ಲೇ ಮಾಯ. ಜೂನ್ 21ರ ಹತ್ತಿರ 8 ಇಂಚು ನೆರಳು, ಅದೂ ದಕ್ಷಿಣಕ್ಕೆ! ಅಂದ್ರೆ ಉತ್ತರದ ಕಿಟಕಿಗೂ ಬಿಸಿಲು ಬರೋ ದಿನಗಳಿವೆ. ಇದೆಲ್ಲ ಪಾಠದಲ್ಲಿ ಹೇಳಿಕೊಟ್ಟಿದ್ದೀನಿ, ಆದರೆ ನಮ್ಮ ಮನೆಯ ಗೋಡೆ ನಿಲ್ಲೋ ಜಾಗದಲ್ಲೇ ಅದನ್ನ ನೋಡಿದಾಗ ಬೇರೆ ಥರ ಅನ್ನಿಸ್ತು.

ಬಂಡೆ ಎಷ್ಟು ಕಾಯುತ್ತೆ ನೋಡೋಣ ಅಂತ ಕೊರೊನಾ ಕಾಲದಲ್ಲಿ ತಗೊಂಡಿದ್ದ ಹಣೆಗೆ ಹಿಡಿಯೋ ಗನ್ ಹಿಡಿದೆ. ಬಂಡೆಗೆ ಜ್ವರ ಇದೆ ಅಂತ ಕೆಂಪು ದೀಪ ಹತ್ತಿ ಕೂಗಿಕೊಳ್ತು, ಅಂಕಿ ತೋರಿಸಲಿಲ್ಲ. ಆಮೇಲೆ ಅಂಗೈಯನ್ನೇ ನಂಬಿದೆ. ಏಪ್ರಿಲಲ್ಲಿ ಒಂದು ರಾತ್ರಿ 9 ಗಂಟೆಗೆ ಹೋಗಿ ಮುಟ್ಟಿದರೆ, ಬಂಡೆಯ ಪೂರ್ವದ ತುದಿ ಈಗಷ್ಟೇ ಒಲೆಯಿಂದ ಇಳಿಸಿದ ಹೆಂಚಿನ ಥರ. ನಾಲ್ಕೇ ಹೆಜ್ಜೆ ಈಚೆ, ಬೇವಿನ ಕೆಳಗಿನ ಅರ್ಧ, ಕೂತುಕೊಳ್ಳೋಷ್ಟು ತಣ್ಣಗೆ. ಅದೇ ಬಂಡೆ, ಅದೇ ದಿನ. ಅಲ್ಲೇ ಅರ್ಧ ಗಂಟೆ ಕೂತಿದ್ದೆ, ಮನೆಯವರು ಫೋನ್ ಮಾಡಿ "ಎಲ್ಲಿದ್ದೀಯ?" ಅಂದರು. ಬಂಡೆ ಮೇಲೆ ಅಂದೆ. ಆಮೇಲೆ ಅವರೂ ಜಾಸ್ತಿ ಕೇಳಲಿಲ್ಲ.

ನಮ್ಮತ್ತೆಗೆ ವಾಸ್ತು ಚಿಂತೆ. ನೈಋತ್ಯದಲ್ಲಿ ಭಾರ ಇದ್ದರೆ ಒಳ್ಳೇದೇ ಅಂತ ಯಾರೋ ಹೇಳಿದ್ದಾರಂತೆ, ಹಾಗಾಗಿ ಸದ್ಯಕ್ಕೆ ಅವರು ನನ್ನ ಪಕ್ಷ.

ನನ್ನ ಪ್ರಶ್ನೆ ಇಷ್ಟು: ಬಂಡೆನೂ ಮರಾನೂ ಇಟ್ಟುಕೊಂಡು ಎರಡು ರೂಮಿನ ಮನೆ ಕಟ್ಟೋಕೆ ಆಗುತ್ತಾ? ಬಂಡೆಯನ್ನ ಹಾಲ್ ಒಳಗೇ ತಗೊಂಡರೆ ಚಂದ ಅಂತ ಮಗಳು ಮೊಬೈಲಲ್ಲಿ ಫೋಟೋ ತೋರಿಸ್ತಾಳೆ. ಹಂಗೆ ಮಾಡಿದವರು ಯಾರಾದ್ರೂ ಇದ್ದೀರಾ?

ಲೆಕ್ಕಾಚಾರಿ:

ಒಡೆಸಿಬಿಡಿ. ನಾಳೆ ಮಾರೋಕೆ ಹೋದರೆ ಬಂಡೆ ಇರೋ ಸೈಟು ಅಂತ ಚೌಕಾಸಿ ಮಾಡ್ತಾರೆ. ಬಂಡೆ ಸಂದಿಯಲ್ಲಿ ಚೇಳು ಫ್ರೀ.

ಸಿಮೆಂಟ್‌ಕೈ, ದಾವಣಗೆರೆ:

ಮೇಡಂ, 16 ವರ್ಷದಿಂದ ದಾವಣಗೆರೆ ಸುತ್ತಮುತ್ತ ಮನೆ ಕಟ್ಟಿಸ್ತಿದ್ದೀನಿ. ನಮ್ಮ ಕಡೆ ಬಹಳ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರೋಷ್ಟು ಬಾಯಿ ಬಿಡುತ್ತೆ, ಮಳೆ ಬಿದ್ದರೆ ಹಿಟ್ಟು ನಾದಿದಂಗೆ ಉಬ್ಬುತ್ತೆ. ಪಾಯಕ್ಕೆ ನಾವು ಸುರಿಯೋ ದುಡ್ಡು ನೋಡಿದರೆ, ನಿಮಗೆ ಬಂಡೆ ಸಿಕ್ಕಿದೆ ಅಂತ ಹೊಟ್ಟೆಕಿಚ್ಚಾಗುತ್ತೆ ರೀ.

ಆದರೆ ಬಂಡೆ ಸೈಟಲ್ಲಿ ನಮ್ಮವರು ಒಂದು ತಪ್ಪು ಮಾಡ್ತಾರೆ. ಮನೆಯ ಅರ್ಧ ಪಾಯ ಬಂಡೆ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ಕೂರಿಸ್ತಾರೆ. ಮಣ್ಣಿನ ಮೇಲಿನ ಗೋಡೆ ಎರಡು ಮಳೆಗಾಲದಲ್ಲಿ ಚೂರು ಕೂರುತ್ತೆ, ಬಂಡೆ ಮೇಲಿನದು ಅಲ್ಲಾಡಲ್ಲ. ಎರಡೂ ಸೇರೋ ಜಾಗದಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತೆ. ಆಮೇಲೆ ಪುಟ್ಟಿ ಬಳಿದಿದ್ದೇ ಬಳಿದಿದ್ದು. ಇಂಥದ್ದೊಂದು ಮನೆ ನನ್ನ ಕೈಯಲ್ಲೇ ಆಗಿದೆ, ಅದಕ್ಕೇ ಹೇಳ್ತಿದ್ದೀನಿ. ಮಾಲೀಕರು ಈಗಲೂ ಎದುರು ಸಿಕ್ಕರೆ ನಾನೇ ರಸ್ತೆ ದಾಟಿ ಆ ಕಡೆ ಹೋಗ್ತೀನಿ.

ಹಂಗಾಗಿ ಪ್ಲಾನ್ ಬರೆಸೋಕೆ ಮೊದಲು ಎಂಟು ಹತ್ತು ಕಡೆ ಹಾರೆ ಹೊಡೆಸಿ, ಬಂಡೆ ನೆಲದಡಿ ಎಲ್ಲಿವರೆಗೆ ಚಾಚಿದೆ ನೋಡಿ. ಮೇಲೆ ಕಾಣೋದು 14 ಅಡಿ ಇದ್ದರೆ ಕೆಳಗೆ 30 ಇರಬಹುದು. ಒಂದೋ ಇಡೀ ಮನೆ ಗಟ್ಟಿ ನೆಲಕ್ಕೆ ಇಳೀಬೇಕು, ಇಲ್ಲ ಎರಡು ಭಾಗ ಬೇರೆ ಬೇರೆ ಮಾಡಿ ನಡುವೆ ಜಾಯಿಂಟ್, ಅಂದ್ರೆ ಸಣ್ಣ ಸಂದಿ, ಬಿಡಬೇಕು.

ಹಾಲ್ ಒಳಗೆ ಬಂಡೆ ತಗೊಳ್ಳೋದಂತೂ ಬೇಡ. ಗೋಡೆಗೂ ಬಂಡೆಗೂ ನಡುವೆ ಎಂಥ ಕೆಮಿಕಲ್ ತುಂಬಿದರೂ ಬಿಸಿಲಿಗೆ ಒಂದು ಹಿಗ್ಗಿದಷ್ಟು ಇನ್ನೊಂದು ಹಿಗ್ಗಲ್ಲ, ಕೂದಲೆಳೆ ಸಂದಿ ಬಿಡುತ್ತೆ. ಮಳೆ ನೀರಿಗೆ ಅಷ್ಟು ಸಾಕು. ಬಂಡೆಯಿಂದ 4 ಅಡಿ ದೂರ ಗೋಡೆ ನಿಲ್ಲಿಸಿ, ಬಂಡೆ ಬಯಲಲ್ಲೇ ಇರಲಿ.

ಮರ ಕಡಿಸೋ ಮಾತು ನಿಮ್ಮ ಎಂಜಿನಿಯರ್ ಅಷ್ಟು ಹಗುರವಾಗಿ ಹೇಳಿದ್ದಾರೆ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಮರ ಸಂರಕ್ಷಣೆಗೆ 1976ರ ಕಾಯ್ದೆನೇ ಇದೆ. ಸ್ವಂತ ಸೈಟು ಅಂದ ತಕ್ಷಣ ಕೊಡಲಿ ಎತ್ತೋ ಹಂಗಿಲ್ಲ.

ಹಳೇಮಾಳಿಗೆ, ಚಳ್ಳಕೆರೆ ಕಡೆಯವ:

ತಾಯೀ, ನಿನ್ನ ಕೋಲಿನ ಲೆಕ್ಕ ಓದಿ ಖುಷಿ ಆತು. ನನಗೆ ಎಪ್ಪತ್ತು ದಾಟೈತೆ, ಮೊಮ್ಮಗ ಟೈಪ್ ಮಾಡ್ತಾವ್ನೆ, ತಪ್ಪಿದ್ರೆ ಅವನದು.

ನಾ ಹುಟ್ಟಿದ್ದು ಮಾಳಿಗೆ ಮನೇಲಿ. ಗೋಡೆ ಮಣ್ಣಿಂದು, ಎರಡಡಿ ದಪ್ಪ. ಮೇಲೆ ತೊಲೆ, ಜಂತೆ, ಅದರ ಮೇಲೆ ಸೊಪ್ಪು ಹಾಸಿ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು (ಚೌಳು) ಮಣ್ಣು. ವರ್ಷ ವರ್ಷ ಮಳೆಗಾಲಕ್ಕೆ ಮೊದಲು ಗಾಡೀಲಿ ಕರಲು ತಂದು ಹರಡಿ ತುಳಿಯೋದು ನಮ್ಮ ಹುಡುಗರ ಕೆಲಸ. ನಡುಮನೆಗೆ ಕಿಟಕಿ ಇಲ್ಲ, ಮಾಳಿಗೇಲಿ ಒಂದು ಗವಾಕ್ಷಿ. ಬೆಳಕು ಅಲ್ಲಿಂದ ಬೀಳೋದು, ಒಲೆ ಹೊಗೆ ಅಲ್ಲಿಂದ ಹೋಗೋದು. ಹೊರಗೆ ಬೆಂಕಿ ಸುರೀತಿದ್ರೂ ಒಳಗೆ ಮಧ್ಯಾಹ್ನ ಒಂದು ನಿದ್ದೆ ಆಗೋದು. ಸಂಜೆ ಹೊತ್ತಿಗೆ ಗೋಡೆ ಒಳಗಡೆಗೂ ಬಿಸಿ ಬಿಡೋಕೆ ಶುರು, ಆಗ ಎಲ್ರೂ ಹಾಸಿಗೆ ಸುತ್ಕೊಂಡು ಮಾಳಿಗೆ ಮೇಲೆ. ಹಗಲಿಗೊಂದು ಮನೆ, ರಾತ್ರಿಗೊಂದು ಮನೆ. ಈಗಿನೋರು ಇದ್ಯಾವುದೂ ಇಲ್ದಂಗೆ ನಾಲ್ಕಿಂಚು ಸ್ಲಾಬ್ ಹಾಕಿ ಕೆಳಗೆ ಫ್ಯಾನ್ ಹಾಕ್ಕೊಂಡು ಬೇಯ್ತಾರೆ. ನನ್ನ ಮಗನ ಮನೇನೂ ಹಂಗೇ ಐತೆ, ಹೇಳಿದ್ರೆ ಕೇಳಲಿಲ್ಲ.

ಬಂಡೆ ಒಡೆಯೋದು ಪಾಪ ಅಂತ ನಾ ಹೇಳಲ್ಲ. ದುರ್ಗದ ಕೋಟೆ ಕಟ್ಟಿದೋರೂ ಒಡೆದವ್ರೇ. ಮೇಲೆ ಹತ್ತುವಾಗ ನೋಡು, ಬಂಡೆ ಮೇಲೆ ಸಾಲಾಗಿ ಉಳಿ ಹೊಡೆದ ಗುಳಿ ಕಾಣ್ತವೆ. ಆದ್ರೆ ಎಲ್ಲಿ ಬಂಡೆನೇ ಗೋಡೆ ಆಗುತ್ತೋ ಅಲ್ಲಿ ಗೋಡೆ ಕಟ್ಟಲಿಲ್ಲ. ಗೋಡೆ ಬಂದು ಬಂಡೆಗೆ ಮುಟ್ಟಿ ನಿಲ್ಲುತ್ತೆ, ಬಂಡೆ ದಾಟಿ ಆ ಕಡೆ ಮತ್ತೆ ಗೋಡೆ ಶುರು ಆಗುತ್ತೆ. ಕೂಲಿ ಉಳೀತು, ಕೋಟೆನೂ ಗಟ್ಟಿ ಆತು.

ನೀರಿಂದೂ ಅಷ್ಟೇ. ಬಂಡೆ ನೀರು ಕುಡಿಯಲ್ಲ, ಬಿದ್ದಿದ್ದನ್ನೆಲ್ಲ ಕೆಳಗೆ ಕಳಿಸುತ್ತೆ. ಅದಕ್ಕೇ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಊರೊಳಗೆ ಸಂತೆ ಹೊಂಡ. ನಿನ್ನ ಬಂಡೆ ಚಿಕ್ಕದು, ಆದ್ರೂ ಅದಕ್ಕೂ ಒಂದು ಇಳಿಜಾರು ಇರುತ್ತೆ. ಮಳೆ ಬಂದಾಗ ಕೊಡೆ ಹಿಡ್ಕೊಂಡು ಹೋಗಿ ನೋಡು.

ಬಂಡೆಸೈಟ್ ಟೀಚರ್:

ಯಜಮಾನ್ರೇ, ನಿಮ್ಮ ಮಾತು ಓದಿದ ಮೇಲೆ ಭಾನುವಾರ ಮಗಳನ್ನ ಕರ್ಕೊಂಡು ಕೋಟೆಗೆ ಹೋದೆ. ಇಷ್ಟು ವರ್ಷ ಇದೇ ಊರಲ್ಲಿದ್ದು ಮಕ್ಕಳನ್ನ ಟ್ರಿಪ್ಪಿಗೆ ಕರೆದೊಯ್ದಾಗಲೆಲ್ಲ ಓಬವ್ವನ ಕಿಂಡಿ ತೋರಿಸೋದು, ತಲೆ ಎಣಿಸೋದು, ಇಳಿಯೋದು. ಗೋಡೆ ಎಲ್ಲಿ ನಿಲ್ಲುತ್ತೆ ಅಂತ ನೋಡಿರಲಿಲ್ಲ. ನಿಜ, ಕಲ್ಲುಗಳನ್ನ ಬಂಡೆಯ ಉಬ್ಬುತಗ್ಗಿಗೆ ತಕ್ಕಂತೆ ಕೆತ್ತಿ ಕೂರಿಸಿದ್ದಾರೆ. ಒಂದು ಕಡೆ ಕೆಳಗಿನ ಸಾಲಿನ ಕಲ್ಲಿನ ಅಡಿ ಓರೆ ಇದೆ, ಬಂಡೆ ಹೆಂಗೆ ಓರೆ ಇದೆಯೋ ಹಂಗೆ. ಅಂದ್ರೆ ಕಲ್ಲನ್ನ ಬಂಡೆಗೆ ಹೊಂದಿಸಿದ್ದಾರೆ, ಬಂಡೆಯನ್ನ ಕಲ್ಲಿಗಲ್ಲ. ಮಗಳು "ಅಮ್ಮ, ಇದು ನಿನ್ನ ಎಂಜಿನಿಯರ್‌ಗೆ ಫೋಟೋ ಕಳಿಸು" ಅಂದಳು. ಕಳಿಸಿದೆ. ಥಂಬ್ಸ್ ಅಪ್ ಬಂತು, ಅಷ್ಟೇ.

ಸಿಮೆಂಟ್‌ಕೈ ಅವರೇ, ಹಾರೆ ಹೊಡೆಸಿದೆ. ಬಂಡೆ ಈಶಾನ್ಯದ ಕಡೆ 11 ಅಡಿ ನೆಲದಡಿ ಬಂದಿದೆ, ಒಂದೂವರೆ ಅಡಿ ಮಣ್ಣಿನ ಕೆಳಗೆ. ಎಂಜಿನಿಯರ್ ಪ್ಲಾನಿನಲ್ಲಿ ಮಾಸ್ಟರ್ ಬೆಡ್‌ರೂಮಿನ ಸರಿಯಾಗಿ ಅರ್ಧಕ್ಕೆ ಅದು ಮುಗಿಯುತ್ತೆ. ನೀವು ಹೇಳಿದ ಓರೆ ಬಿರುಕು ಈಗಲೇ ಕಣ್ಣಿಗೆ ಕಟ್ಟಿದಂಗಾಯ್ತು.

ನೆರಳುಗೆರೆ, ಹಿರಿಯೂರು (ಈಗ ಬೆಂಗಳೂರು):

ಅಕ್ಕ, ನಾನು ಆರ್ಕಿಟೆಕ್ಟ್, ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯ್ತು. ನಮ್ಮ ಆಫೀಸಿಗೆ ಬರೋ ಗಿರಾಕಿಗಳು ಫೋನಲ್ಲಿ ಫೋಟೋ ತರ್ತಾರೆ, ನೆರಳಿನ ನೋಟ್‌ಬುಕ್ ತಂದವರನ್ನ ನಾನಂತೂ ನೋಡಿಲ್ಲ. ದಯವಿಟ್ಟು ಅದನ್ನ ಎಸೀಬೇಡಿ.

ನಿಮ್ಮ ಮಗಳು ತೋರಿಸಿದ ಫೋಟೋ ಬಹುಶಃ ಅಮೆರಿಕದ ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್ ಮನೆಯದ್ದಿರಬೇಕು. ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಜಲಪಾತದ ಮೇಲೇ ಆ ಮನೆ ಯೋಚಿಸಿದ್ದು. ಅಲ್ಲಿದ್ದ ಬಂಡೆ ಹಾಗೇ ನೆಲದಿಂದ ಎದ್ದು ಬಂದು ಬೆಂಕಿಗೂಡಿನ ಮುಂದೆ ಕೂತಿದೆ. ಫೋಟೋದಲ್ಲಿ ಕಾಣದ್ದು ಏನಂದ್ರೆ, ಆ ಮನೆ ಮೊದಲಿಂದಲೂ ಸೋರುತ್ತಿತ್ತು, ಚಾಚಿದ ಸ್ಲಾಬ್‌ಗಳು ಜೋತುಬಿದ್ದು 2002ರಲ್ಲಿ ಉಕ್ಕಿನ ಕೇಬಲ್ ಎಳೆದು ಗಟ್ಟಿ ಮಾಡಬೇಕಾಯ್ತು. ಶ್ರೀಮಂತರ ವಾರಾಂತ್ಯದ ಮನೆ ಅದು. ನಮಗೆ ಬಕೆಟ್ ಇಟ್ಟುಕೊಂಡು ಕೂರೋಕೆ ಪುರುಸೊತ್ತಿಲ್ಲ. ಸಿಮೆಂಟ್‌ಕೈ ಅಣ್ಣ ಹೇಳಿದ್ದೇ ಸರಿ.

ನಮಗೆ ಹತ್ತಿರದ ಉದಾಹರಣೆ ಲಾರಿ ಬೇಕರ್ ಅವರ ಸ್ವಂತ ಮನೆ, ತಿರುವನಂತಪುರದ ನಾಲಾಂಚಿರದಲ್ಲಿ. ಕಲ್ಲುಗುಡ್ಡದ ಇಳಿಜಾರು, ಯಾರೂ ಬೇಡ ಅನ್ನೋ ಅಂಥ ಜಾಗ. ಲೆವೆಲ್ ಮಾಡಲಿಲ್ಲ, ಕೋಣೆಗಳನ್ನ ಇಳಿಜಾರಿನ ಜೊತೆ ಮೇಲೆ ಕೆಳಗೆ ಇಟ್ಟುಕೊಂಡು ಹೋದರು. ನಿಮ್ಮ ಸೈಟಲ್ಲೂ ಹಿಂದೆ ಒಂದೂವರೆ ಅಡಿ ಎತ್ತರ ಇದ್ದರೆ ಅದನ್ನ ಕೆರೆಯೋ ಬದಲು ಮೂರು ಮೆಟ್ಟಿಲು ಮಾಡಿ. ಶ್ರೀಲಂಕಾದ ಜೆಫ್ರಿ ಬಾವಾ ದಂಬುಲ್ಲ ಹತ್ತಿರ ಕಂದಲಮ ಹೋಟೆಲನ್ನ ಬಂಡೆಯ ಮಗ್ಗುಲಿಗೇ ಕಟ್ಟಿದರು. ಅಲ್ಲಿ ಬಂಡೆ ಒಳಗೆ ಬರೋದು ಗಾಳಿ ಆಡೋ, ತೆರೆದಿರೋ ಜಾಗಗಳಲ್ಲಿ. ನಿಮಗೆ ಬೇಕಾದ್ದು ಅದೇ: ಬಂಡೆ ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ, ಹಿತ್ತಲಂಗಳದಲ್ಲಿ.

ಈಗ ನಿಮ್ಮ ಅಂಗೈ ಲೆಕ್ಕಕ್ಕೆ ಬರ್ತೀನಿ, ನನ್ನ ಪ್ರಕಾರ ಇಡೀ ಪ್ಲಾನ್ ಅದರಲ್ಲೇ ಇದೆ. ಮರ ಇರೋವರೆಗೆ ಬಂಡೆ ನಿಮಗೆ ತಂಪು. ಮರ ಕಡಿದು ಬಂಡೆ ಉಳಿಸಿದರೆ ಮಲಗೋ ಕೋಣೆ ಪಕ್ಕಕ್ಕೆ ರಾತ್ರಿಯಿಡೀ ಕೆಂಡ ಇಟ್ಟುಕೊಂಡಂಗೆ. ಆದ್ದರಿಂದ ಮರ ಅಲಂಕಾರಕ್ಕಲ್ಲ, ಅದು ಬಂಡೆಯ ಸೂರು. ಪಡುವಣದ ಬಿಸಿಲು ತಗ್ಗಿನಲ್ಲಿ ನುಗ್ಗುತ್ತೆ, ಅದಕ್ಕೆ ಎಷ್ಟು ಉದ್ದ ಸಜ್ಜಾ ಹಾಕಿದರೂ ಹೆಚ್ಚು ಪ್ರಯೋಜನ ಇಲ್ಲ, ಮರವೇ ಒಳ್ಳೇ ದಾರಿ. ಬೇವಿನ ಇನ್ನೊಂದು ಗುಣ ನೋಡಿ: ಎಲೆ ಉದುರಿಸೋದು ಚಳಿ ಮುಗಿಯೋ ಹೊತ್ತಿಗೆ, ಯುಗಾದಿಗೆ ಚಿಗುರಿ ನಿಂತಿರುತ್ತೆ. ನಿಮಗೆ ನೆರಳು ಜಾಸ್ತಿ ಬೇಕಾದ ತಿಂಗಳಿಗೆ ಸರಿಯಾಗಿ.

ಬಂಡೆಯ ಪೂರ್ವದ ತುದಿ ಕಾಯುತ್ತೆ ಅಂದ್ರಲ್ಲ, ಅದಕ್ಕೆ ಎದುರಾಗಿ ಮಲಗೋ ಕೋಣೆ ಇಡಬೇಡಿ. ಅಲ್ಲಿ ಬಚ್ಚಲು, ಬಟ್ಟೆ ಒಗೆಯೋ ಜಾಗ, ಮೆಟ್ಟಿಲು ಬರಲಿ. ರಾತ್ರಿ 9ಕ್ಕೆ ಯಾರೂ ಅಲ್ಲಿ ಮಲಗಲ್ಲ. ಮಲಗೋ ಕೋಣೆಗಳು ಉತ್ತರ, ಈಶಾನ್ಯಕ್ಕೆ ಹೋಗಲಿ. ಅಡುಗೆಮನೆ ಆಗ್ನೇಯಕ್ಕೆ, ಅತ್ತೆಯವರಿಗೂ ಸಮಾಧಾನ. ದಕ್ಷಿಣದ ಕಿಟಕಿಗೆ 2 ಅಡಿ ಸಜ್ಜಾ ಸಾಕು. 4 ಅಡಿ ಎತ್ತರದ ಕಿಟಕಿಯಲ್ಲಿ ಡಿಸೆಂಬರ್ ಮಧ್ಯಾಹ್ನಕ್ಕೂ ಮೇಲಿನ ಎರಡೂವರೆ ಅಡಿ ನೆರಳು, ಕೆಳಗಿನ ಒಂದೂವರೆ ಅಡಿಯಲ್ಲಿ ಚಳಿಗಾಲದ ಬಿಸಿಲು ಒಳಗೆ ಬರುತ್ತೆ. ನಿಮ್ಮ ಕೋಲಿನ ಅಳತೆಯಿಂದಲೇ ಇದು ಬಂತು, ತಾಳೆ ನೋಡಿ.

ಆಷಾಢದ ಗಾಳಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆ ಗಾಳಿ ಪಡುವಣದಿಂದ ಬರುತ್ತೆ, ಬೇವಿನೊಳಗೆ ಹಾದು ಹಿತ್ತಲಂಗಳಕ್ಕೆ ಬರುತ್ತೆ. ಹಾಲಿನಿಂದ ಅಂಗಳಕ್ಕೆ ದೊಡ್ಡ ಬಾಗಿಲು ಬೇಕು, ಎದುರು ಪೂರ್ವದ ಗೋಡೆಯಲ್ಲಿ ಎತ್ತರದಲ್ಲಿ ಜಾಲಿ, ಅಂದ್ರೆ ಗಾಳಿ ಹಾಯೋ ತೂತಿನ ಜಾಲರಿ, ಬೇಕು. ಗಾಳಿ ಒಳಗೆ ಬರೋಕೆ ಹೊರಗೆ ಹೋಗೋ ದಾರಿ ಇರಬೇಕಲ್ಲ. ಹಳೇಮಾಳಿಗೆ ತಾತ ಹೇಳಿದ ಗವಾಕ್ಷಿ ಮಾಡುತ್ತಿದ್ದ ಕೆಲಸವೂ ಅದೇ.

ಒಂದು ಕಿರಿಕಿರಿ ಈಗಲೇ ಹೇಳಿಬಿಡ್ತೀನಿ. ಬೇವಿನೆಲೆ ತಾರಸಿಯ ಮಳೆಪೈಪಿಗೆ ಸೇರಿ ಕಟ್ಟಿಕೊಳ್ಳುತ್ತೆ. ಪೈಪಿನ ಬಾಯಿಗೆ ಜರಡಿ ಹಾಕಿ, ಮಳೆಗಾಲಕ್ಕೆ ಮೊದಲು ಯಾರಾದರೂ ಹತ್ತಿ ಗುಡಿಸಲೇಬೇಕು. ಗುಡಿಸಿದರೆ ಲಾಭ ಇದೆ: ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಅಂತ ಹಿಡಿದರೆ 1200 ಚದರಡಿ ತಾರಸಿಯಿಂದ, ನೂರಕ್ಕೆ ಇಪ್ಪತ್ತು ಪೋಲಾದರೂ, 50 ಸಾವಿರ ಲೀಟರ್ ಮೇಲೆ ನೀರು.

ಲೆಕ್ಕಾಚಾರಿ:

ಚೇಳಿಗೆ ಏನು ಮಾಡ್ತೀರಿ, ಅದನ್ನ ಯಾರೂ ಹೇಳಲಿಲ್ಲ.

ಹಳೇಮಾಳಿಗೆ:

ಸಂದಿ ಮುಂದೆ ಕಸ, ಇಟ್ಟಿಗೆ, ಸೌದೆ ರಾಶಿ ಹಾಕಬ್ಯಾಡ್ರಿ. ಬಾಗಿಲ ಹೊಸ್ತಿಲು ಎತ್ತರ ಇಡ್ರಿ. ಚಪ್ಪಲಿ ಕೊಡವಿ ಹಾಕ್ಕಳ್ಳಿ. ನಾವೇನು ಸತ್ತು ಹೋದ್ವಾ?

ಬಂಡೆಸೈಟ್ ಟೀಚರ್:

ಎರಡು ತಿಂಗಳಾದ ಮೇಲೆ ಬರೀತಿದ್ದೀನಿ. ನೆರಳುಗೆರೆ ತಮ್ಮ ಹೇಳಿದ್ದನ್ನ ಗ್ರಾಫ್ ಹಾಳೆ ಮೇಲೆ ನಾನೇ ಬರೆದು ಎಂಜಿನಿಯರ್ ಮುಂದಿಟ್ಟೆ. ಮೊದಲು ನಕ್ಕರು. ಹಾರೆಯ ಲೆಕ್ಕ, ಬೆಡ್‌ರೂಮ್ ಅರ್ಧಕ್ಕೆ ಬಂಡೆ ಮುಗಿಯೋದು ತೋರಿಸಿದ ಮೇಲೆ ನಗು ನಿಂತಿತು, ಪೆನ್ಸಿಲ್ ತಗೊಂಡರು. ಮನುಷ್ಯ ಕೆಟ್ಟವರಲ್ಲ, ಕೂತು ನೋಡೋಕೆ ಯಾರೂ ದುಡ್ಡು ಕೊಡಲ್ಲ ಅವರಿಗೆ. ಈಗಿನ ಪ್ಲಾನಲ್ಲಿ ಮನೆ ಇಂಗ್ಲಿಷಿನ ಎಲ್ ಆಕಾರ, ಒಳಮೂಲೆಯಲ್ಲಿ ಬಂಡೆ, ಮರ. ಒಂದು ಬೆಡ್‌ರೂಮ್ 10×11ಕ್ಕೆ ಇಳಿದಿದೆ. ಮನೆಯವರಿಗೆ ಅದೊಂದು ಬೇಸರ ಇನ್ನೂ ಹೋಗಿಲ್ಲ. ಅತ್ತೆ ಆಗಲೇ ಬಂಡೆಯ ಪೂರ್ವದ ತುದಿಯನ್ನ ಗುತ್ತಿಗೆ ಹಿಡಿದಿದ್ದಾರೆ. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸೋಕೆ ಊರಲ್ಲಿ ಇಂಥ ಜಾಗ ಇಲ್ಲವಂತೆ. ಕಾಯುವ ತುದಿಗೂ ಒಂದು ಕೆಲಸ ಸಿಕ್ಕಿತು.

ಮೊನ್ನೆ ಸುಣ್ಣದ ಪುಡಿಯಲ್ಲಿ ಮಾರ್ಕಿಂಗ್ ಹಾಕಿಸಿದೆವು. ನಿನ್ನೆ ಸಂಜೆ ಮಳೆ. ಯಜಮಾನ್ರು ಹೇಳಿದಂಗೆ ಕೊಡೆ ಹಿಡ್ಕೊಂಡು ಓಡಿದೆ. ಬಂಡೆಯಿಂದ ನೀರು ಎರಡು ದಾರಿಯಲ್ಲಿ ಇಳಿಯುತ್ತೆ. ಒಂದು ಮರದ ಬುಡಕ್ಕೆ, ಅದು ಅದರ ಪಾಲು. ಇನ್ನೊಂದು ಪೂರ್ವಕ್ಕೆ ಬಂದು, ಸುಣ್ಣದ ಗೆರೆ ಅಳಿಸಿಕೊಂಡು, ನೇರ ಬಚ್ಚಲಮನೆಯ ನಡುವೆ ಹರೀತಿತ್ತು. ಇಟ್ಟಿಗೆ ಚೂರುಗಳನ್ನ ಸಾಲಾಗಿ ಇಟ್ಟು ಅದರ ದಾರಿ ಗುರುತು ಮಾಡಿ ಬಂದಿದ್ದೀನಿ. ಬಚ್ಚಲು ಎರಡಡಿ ಆಚೆ ಹೋಗಬೇಕು, ಹೋದರೆ ಮೆಟ್ಟಿಲೂ ಸರಿಯಬೇಕು.

ಎಂಜಿನಿಯರ್‌ಗೆ ಇನ್ನೂ ಹೇಳಿಲ್ಲ. ನಾಳೆ ಬೆಳಗ್ಗೆ ಮೇಸ್ತ್ರಿ ಬರೋಕೆ ಮೊದಲು ಹೇಳಬೇಕು.